ಅಮಾವಾಸ್ಯೆಯ ದಿನ ಮಾರಿದ್ದು ಯಾರು?

"ಓದಂಗಿಲ್ಲ," ಎಂದಳು ದೀಪಾಲಿ.

ಕೈಯಲ್ಲಿದ್ದ ಹಾಳೆಯನ್ನು ಅವಳು ಹರಿಯಲೂ ಇಲ್ಲ, ಎಸೆಯಲೂ ಇಲ್ಲ. ನೀಟಾಗಿ ಮಡಿಚಿ ಮುರಗೆಪ್ಪ ಸಾಹುಕಾರರ ಮೇಜಿನ ಮೇಲಿಟ್ಟು, ಫ್ಯಾನಿನ ಗಾಳಿಗೆ ಹಾರದಿರಲೆಂದು ಅವರದೇ ಕನ್ನಡಕವನ್ನು ಅದರ ಮೇಲೆ ಇಟ್ಟಳು. ಸ್ಟ್ಯಾಂಡಿಗೆ ಸಿಕ್ಕಿಸಿದ್ದ ಫೋನು ಅವಳ ಮುಖಕ್ಕೆ ಗುರಿಯಿಟ್ಟು ನಿಂತಿತ್ತು. ನನಗೆ ಚಪ್ಪಾಳೆ ತಟ್ಟುವ ಮನಸ್ಸಾಯಿತು, ಆದರೆ ಪಕ್ಕದಲ್ಲೇ ಪೊಲೀಸರು ಕೂತಿದ್ದರು.

ದೀಪಾಲಿಯ ಹೆಸರಿನಲ್ಲಿ ಹಾಳೆಯಲ್ಲಿ ಬರೆದಿಟ್ಟದ್ದು ಇಷ್ಟೆ. ವರ್ತುಲ ಟೆಕ್ ಕಂಪನಿಯ ಶೇರಿನ ಬಗ್ಗೆ ನಾನು ದುಡ್ಡಿನಾಸೆಗೆ ಸುಳ್ಳು ಹೇಳಿದೆ, ನನ್ನ ವಿಡಿಯೋದಿಂದಲೇ ಬೆಲೆ ಬಿತ್ತು, ಎಲ್ಲರ ಕ್ಷಮೆ ಕೇಳುತ್ತೇನೆ. ಇದನ್ನು ಫೋನಿನ ಮುಂದೆ ಓದಿದರೆ ದೀಪಾಲಿ ಸದಲಗಾಕ್ಕೆ, ತನ್ನ ಮನೆಗೆ ಹೋಗಬಹುದು. ಓದದಿದ್ದರೆ ಇವತ್ತೇ ವಂಚನೆಯ ದೂರು, ಇವತ್ತೇ ಠಾಣೆ.

ದೂರು ಬರೆದುಕೊಳ್ಳಲು ಪಿಎಸ್‌ಐ ಮಹಾದೇವ ಬಂದು ಅರ್ಧ ಗಂಟೆಯಾಗಿತ್ತು. ಮುಂದಿಟ್ಟ ತಟ್ಟೆಯಿಂದ ಒಣದ್ರಾಕ್ಷಿ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತ, ಈ ಜಗಳ ತಾನಾಗಿಯೇ ಮುಗಿದರೆ ಸಾಕು ಎಂಬ ಮುಖ ಮಾಡಿಕೊಂಡಿದ್ದರು. ನಾವಿದ್ದದ್ದು ಕಾಗವಾಡದ ಹೊರಗೆ ಸಾಹುಕಾರರ ಕೋಲ್ಡ್ ಸ್ಟೋರೇಜಿನ ಮೇಲಿನ ಕೋಣೆಯಲ್ಲಿ. ಕೆಳಗೆ ಇಡೀ ಸೀಮೆಯ ಒಣದ್ರಾಕ್ಷಿ ತಣ್ಣಗೆ ಕೂತಿತ್ತು. ಮೇಲೆ ಯಾರೂ ತಣ್ಣಗಿರಲಿಲ್ಲ.

ನನ್ನ ಹೆಸರು ಅನುಸೂಯಾ. ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರು, ಝೆರಾಕ್ಸ್ ಅಂಗಡಿಯ ಮೇಲೆ ನನ್ನ ಪತ್ತೇದಾರಿ ಕಚೇರಿ. ನನ್ನ ಹತ್ತಿರ ಹೆಚ್ಚಾಗಿ ಬರುವುದು ಮದುವೆಗೆ ಮುಂಚಿನ ವಿಚಾರಣೆ. ಹುಡುಗ ಕುಡಿಯುತ್ತಾನೋ, ಕೊಲ್ಹಾಪುರದಲ್ಲಿ ಇನ್ನೊಂದು ಸಂಸಾರ ಇಟ್ಟಿದ್ದಾನೋ, ಅಂಥದ್ದು. ಕುರಿ ಕಾಯುವವರ ಮಗಳು ಪತ್ತೇದಾರಿಯಂತೆ ಎಂದು ಚಹಾದಂಗಡಿಯಲ್ಲಿ ನಗುವವರು ತಮ್ಮ ಮಗಳ ಮದುವೆ ಬಂದಾಗ ಸದ್ದಿಲ್ಲದೆ ನನ್ನ ಮೆಟ್ಟಿಲು ಹತ್ತುತ್ತಾರೆ. ಅಂಥವರಿಗೆ ನಾನು ಫೀಸು ಸ್ವಲ್ಪ ಜಾಸ್ತಿ ಹೇಳುತ್ತೇನೆ.

ದೀಪಾಲಿ ಮಾತ್ರ ಸದ್ದು ಮಾಡಿಕೊಂಡೇ ಹತ್ತಿ ಬಂದಿದ್ದಳು. ಶೇರುಪೇಟೆಯ ಏರಿಳಿತವನ್ನು ಫೋನಿನಲ್ಲಿ ಕನ್ನಡದಲ್ಲಿ ಕಲಿಸುವ ಹುಡುಗಿ ಅವಳು. ಗಂಡ ರೋಹನನದು ನಿಪ್ಪಾಣಿಯಲ್ಲಿ ಮೊಬೈಲ್ ಅಂಗಡಿ. ಊರ ತುಂಬ ತನ್ನನ್ನು ಕಳ್ಳಿ ಎನ್ನುತ್ತಿದ್ದಾರೆ, ಕಳ್ಳ ಯಾರೆಂದು ಹುಡುಕಿಕೊಡಿ ಎಂದು ಕೇಳಿದ್ದಳು. ಇವತ್ತು ಬೆಳಿಗ್ಗೆ ಅವಳ ಮನೆಗೆ ಹೋದಾಗ ರೋಹನ ನನಗೆ ಚಹಾ ಕೊಟ್ಟು, ಓದಿ ಮುಗಿಸಿಬಿಡಲು ನೀವಾದರೂ ಆಕೆಗೆ ಹೇಳಿ, ದೊಡ್ಡವರ ಜೊತೆ ಯಾಕೆ ಜಿದ್ದು ಎಂದಿದ್ದ. ಇಂಥ ಬುದ್ಧಿಮಾತು ನನಗೆ ಆಗುವುದಿಲ್ಲ. ಚಹಾ ಮಾತ್ರ ಕುಡಿದೆ.

"ಓದಂಗಿಲ್ಲ ಅಂದ್ರ ಏನ ಬೇ?" ಎಂದರು ಮುರಗೆಪ್ಪ. "ಅಥಣಿ, ರಾಯಬಾಗ, ಹಾರೂಗೇರಿ, ಎಲ್ಲಾ ಕಡೆ ಮಂದಿ ನನ್ನ ಮಾತು ಕೇಳಿ ಶೇರು ತಗೊಂಡಾರ. ಅವರಿಗೆ ನಾ ಏನ ಹೇಳ್ಲಿ?"

ಇಲ್ಲಿ ಸಾಹುಕಾರರ ಬಗ್ಗೆ ಒಂದು ಮಾತು ಹೇಳಬೇಕು. ಅವರು ಮೋಸಗಾರರಂತೆ ನನಗೆ ಕಾಣಲಿಲ್ಲ. ಮೋಸಗಾರರ ಕಣ್ಣು ಎದುರಿನವರ ಮೇಲಿರುತ್ತದೆ. ಇವರ ಕಣ್ಣು ಗೋಡೆಯ ದೊಡ್ಡ ಟಿವಿಯ ಮೇಲಿತ್ತು. ಅದರಲ್ಲಿ ವರ್ತುಲದ ಬೆಲೆ ಕ್ಷಣಕ್ಕೊಮ್ಮೆ ಹಸಿರಾಗಿ, ಕೆಂಪಾಗಿ, ಮತ್ತೆ ಕೆಂಪಾಗಿ ಓಡುತ್ತಿತ್ತು. ತಮ್ಮ ಮಾತು ನಂಬಿದವರ ಮುಂದೆ ತಲೆತಗ್ಗಿಸಬೇಕಾದ ಗಂಡಸಿನ ಸಿಟ್ಟು ಅದು. ಅಂಥ ಸಿಟ್ಟು ಯಾವಾಗಲೂ ಹತ್ತಿರದಲ್ಲಿರುವ ಹೆಂಗಸಿನ ಮೇಲೆ ಹೋಗುತ್ತದೆ.

ವರ್ತುಲ ಟೆಕ್ ಹೊಸ ಕಂಪನಿ. ಡ್ರೋನ್ ಹಾರಿಸಿ ಬಳ್ಳಿಯ ಬೂದಿರೋಗವನ್ನು ಮೊದಲೇ ಪತ್ತೆ ಮಾಡುತ್ತೇವೆ ಎಂದು ಹೇಳಿಕೊಂಡು ಬಂದದ್ದು. ದ್ರಾಕ್ಷಿ ಬೆಳೆಯುವವರಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕೆ? ಸಾಹುಕಾರರು ಕೊಂಡರು. ಅವರ ಫೋನಿನ 'ದ್ರಾಕ್ಷಿ ಬಳಗ'ದ ನೂರಾರು ಮಂದಿ ಕೊಂಡರು. ಬೆಲೆ ಕಪ್ಪೆಯ ಹಾಗೆ ಜಿಗಿಯಿತು. ಮುಂಬೈಯ ದೊಡ್ಡ ದೊಡ್ಡ ಮಂದಿ ಕೊಳ್ಳುತ್ತಿದ್ದಾರೆ, ಅದಕ್ಕೇ ಏರುತ್ತಿದೆ ಎಂದು ಬಳಗಕ್ಕೆ ದಿನವೂ ಹೇಳುತ್ತಿದ್ದವನು ಭರತ.

ಭರತ ಸಾಹುಕಾರರ ತಂಗಿಯ ಮಗ. ಅಥಣಿಯಲ್ಲಿ ಶೇರು ಕೊಳ್ಳುವ ಮಾರುವ ಕಚೇರಿ ಇಟ್ಟಿದ್ದಾನೆ. ಬಳಗದ ಎಲ್ಲರ ಖಾತೆಗಳೂ ಅವನಲ್ಲೇ. ಈಗ ಕಿಟಕಿಯ ಬಳಿ ನಿಂತು, ಮೊಬೈಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತಿದ್ದ.

ದೀಪಾಲಿ ವಿಡಿಯೋದಲ್ಲಿ ಹೇಳಿದ್ದು ಬಹಳ ಸಾದಾ ಮಾತು. ಕಂಪನಿ ಗಳಿಸಿದ್ದರಿಂದ ಈ ಬೆಲೆ ಏರಿದ್ದಲ್ಲ, ಕೊಳ್ಳುವವರ ಅವಸರದಿಂದ ಏರಿದ್ದು, ಅವಸರ ಮುಗಿದರೆ ಇಳಿಯಲೇಬೇಕು, ಹುಷಾರು. ಬೆಳಿಗ್ಗೆ ಬಳಗದವರು ಫೋನು ತೆರೆದಾಗ ಮೊದಲು ಕಂಡದ್ದು ಈ ವಿಡಿಯೋ. ಆಮೇಲೆ ಬೆಲೆ ನೋಡಿದರು, ಅದು ಪಾತಾಳ ಕಂಡಿತ್ತು. ಎರಡನ್ನೂ ಸೇರಿಸಿ ಗಂಟು ಹಾಕಿದರು, ಗಂಟು ದೀಪಾಲಿಯ ಕೊರಳಿಗೆ ಬಿತ್ತು.

ಟಿವಿಯಲ್ಲಿ ವರ್ತುಲದ ಆರು ತಿಂಗಳ ಬೆಲೆಯ ಗೆರೆಗಳನ್ನು ಹಾಕಲು ನಾನು ದೀಪಾಲಿಗೆ ಹೇಳಿದೆ. ಸಾಹುಕಾರರು ಮುಖ ತಿರುಗಿಸಿದರು. ಆ ಗೆರೆ ತೋರಿಸಬೇಡಿ, ಗೆರೆಯನ್ನು ಹೇಗೆ ಬೇಕೋ ಹಾಗೆ ಎಳೆಯಬಹುದು, ಈಕೆ ಹಿಂದೆಯೂ ಇದನ್ನೇ ತೋರಿಸಲು ಬಂದಿದ್ದಳು ಎಂದರು. ಸರಿ, ನೋಡಬೇಡಿ, ನಾನು ಕೇಳಿದ್ದಕ್ಕೆ ಉತ್ತರ ಹೇಳಿ ಎಂದೆ.

ಮೊದಲು ಒಣದ್ರಾಕ್ಷಿಯ ಹರಾಜಿನ ಬಗ್ಗೆ ಕೇಳಿದೆ. ಮಾಲು ಸ್ವಲ್ಪವೇ ಬಂದು ಕೊಳ್ಳುವವರು ಕಿಕ್ಕಿರಿದರೆ ಏನಾಗುತ್ತದೆ? ರೇಟು ಏರುತ್ತದೆ ಎಂದರು, ಇದನ್ನೂ ಹೇಳಬೇಕೆ ಎಂಬ ಧಾಟಿಯಲ್ಲಿ. ಅವತ್ತಿನ ಮಾಲು ಹೆಚ್ಚು ಸಿಹಿಯಾಗಿತ್ತು ಅಂತಲೇ ಏರಿತೇ ಎಂದು ಕೇಳಿದೆ. ಮಹಾದೇವ ಅವರ ಕೈ ತಟ್ಟೆಯ ಬಳಿ ನಿಂತಿತು.

"ಹಂಗಾರ ಇನ್ನೊಂದ ಕೇಳತೇನ್ರಿ ಸಾವಕಾರ್ರ. ಅಮಾಸಿ ದಿನ ನಿಮ್ಮ ಬಳಗದವರು ಶೇರು ತಗೋತಾರೇನು?"

ಅವರಿಗೆ ನಿಜಕ್ಕೂ ಅವಮಾನವಾಯಿತು. ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ದೀಪಾವಳಿದೊಂದು ಬಿಟ್ರ, ಅಮಾಸಿ ದಿನ ನಮ್ಮ ಮನಿಯಾಗ ಒಂದ ಮೊಳಿ ಸುದ್ದಾ ತಗೊಳ್ಳಂಗಿಲ್ಲ ಬಾಯಾರ. ಬಳಗದಾಗ ಹಿಂದಿನ ದಿನಾನ ನಾನ ಹಾಕತೇನಿ, ನಾಳೆ ಯಾರೂ ಮುಟ್ಟಬ್ಯಾಡ್ರಿ ಅಂತ. ತಗೊಳ್ಳೂದು ದೂರ ಉಳೀತು, ಬೆಲಿ ಎಷ್ಟೈತಿ ಅಂತ ತಗದೂ ನೋಡಂಗಿಲ್ಲ."

ನಾನು ನಗಲಿಲ್ಲ. ನನ್ನವ್ವ ತಾರವ್ವನೂ ಹಾಗೆಯೇ. ಅಮಾವಾಸ್ಯೆಯ ದಿನ ಕುರಿ ಕೇಳಿಕೊಂಡು ಬಂದವನಿಗೆ ಚಹಾ ಕುಡಿಸಿ ಕಳಿಸುತ್ತಾಳೆ, ಕುರಿ ಕೊಡುವುದಿಲ್ಲ. ಅದಕ್ಕೇ ಬೆಳಿಗ್ಗೆ ದೀಪಾಲಿಯ ಮನೆಯಲ್ಲಿ ಗೆರೆಗಳನ್ನು ನೋಡುತ್ತಿದ್ದಾಗ ನನ್ನ ಕಣ್ಣು ಪಕ್ಕದ ಗೋಡೆಯ ಕ್ಯಾಲೆಂಡರಿಗೆ ಹೋಗಿತ್ತು. ದಿನವೂ ಕುಣಿಯುವ ಈ ಶೇರು ತಿಂಗಳಿಗೊಂದು ದಿನ ಅಲ್ಲಾಡದೆ ಮಲಗುತ್ತಿತ್ತು. ಕೊಂಡವರಿಲ್ಲ, ಮಾರಿದವರಿಲ್ಲ. ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ದುಂಡಗಿನ ಕಪ್ಪು ಚಂದ್ರ. ಒಂದು ತಿಂಗಳಾದರೆ ಏನೋ ಹಾಗಾಗಿದೆ ಎನ್ನಬಹುದು. ದೀಪಾವಳಿಯದೊಂದು ಬಿಟ್ಟರೆ, ಬೆಲೆ ಬೀಳುವವರೆಗೆ ಪ್ರತಿ ತಿಂಗಳೂ ಹಾಗೇ ಇತ್ತು.

ಇದನ್ನೇ ಸಾಹುಕಾರರ ಮುಂದೆ ಬಿಡಿಸಿ ಹೇಳಿದೆ. ಅದೇ ದಿನಗಳಲ್ಲಿ ಬೇರೆಲ್ಲ ಶೇರುಗಳ ವ್ಯಾಪಾರ ಜೋರಾಗಿಯೇ ನಡೆದಿದೆ, ದೀಪಾಲಿ ತೆಗೆದು ತೋರಿಸುತ್ತಾಳೆ, ಬೇಕಾದರೆ ನೋಡಿ ಎಂದೆ.

"ಮುಂಬೈ ಮಂದಿ ನಮ್ಮ ಅಮಾಸಿ ಹಿಡಿಯಾಕ ಯಾವಾಗ ಚಾಲೂ ಮಾಡ್ಯಾರ್ರಿ?" ಎಂದೆ. "ಯಾವ ಮುಂಬೈ ಮಂದೀನೂ ಇರಲಿಲ್ಲ. ಏರಿಸಿದವರು ನೀವ. ನೀವು ತಗೊಂಡ್ರಿ, ಏರತು. ಏರತು ಅಂತ ಮತ್ತ ತಗೊಂಡ್ರಿ."

ಸಾಹುಕಾರರು ಈಗ ಟಿವಿಯ ಕಡೆ ತಿರುಗಿದರು. ಗೆರೆ ನೋಡುವುದಿಲ್ಲ ಎಂದವರು ಎದ್ದುಹೋಗಿ ಪರದೆಯ ಹತ್ತಿರ ನಿಂತು, ಮಲಗಿದ ಆ ದಿನಗಳ ಮೇಲೆ ಬೆರಳಾಡಿಸಿದರು. ಕಿಟಕಿಯ ಬಳಿ ಭರತ ಕೆಮ್ಮಿದ. ಮಾವಾ, ಇವರ ಮಾತು ಕೇಳಬೇಡ, ಮಾರ್ಕೆಟ್ ಅಂದಮೇಲೆ ಹಾಗೆಲ್ಲ ಆಗುತ್ತದೆ ಎಂದ. ಸಾಹುಕಾರರ ಬೆರಳು ಪರದೆ ಬಿಡಲಿಲ್ಲ.

ನನಗೆ ಬೇಕಾದದ್ದು ಇನ್ನೂ ಬಾಕಿ ಇತ್ತು. ದೀಪಾಲಿಯ ವಿಡಿಯೋ ನೋಡಿದ ಬೆಳಿಗ್ಗೆ ಬೆಲೆ ಬಿದ್ದದ್ದು ಕಂಡಿರಿ, ಅದರ ಹಿಂದಿನ ದಿನ ಎಷ್ಟಿತ್ತು ಎಂದು ಕೇಳಿದೆ.

"ಹಿಂದಿನ ದಿನ ನೋಡಿಲ್ರಿ," ಎಂದರು ಮುರಗೆಪ್ಪ. "ಅವತ್ತ ಅಮಾಸಿ."

ಹೇಳಿದ ಮೇಲೆ ಅವರಿಗೇ ಹೊಳೆಯಿತು. ಪರದೆಯ ಮೇಲಿದ್ದ ಬೆರಳು ಕೊನೆಯ ಅಮಾವಾಸ್ಯೆಗೆ ಬಂದು ನಿಂತಿತು. ಉಳಿದ ಅಮಾವಾಸ್ಯೆಗಳಲ್ಲಿ ಗೆರೆ ಮಲಗಿದ್ದರೆ, ಈ ಅಮಾವಾಸ್ಯೆಯ ದಿನ ಮೇಲಿನಿಂದ ಕೆಳಗೆ ಸೀಳಿಕೊಂಡು ಹೋಗಿ, ಒಂದು ದಿನಕ್ಕೆ ಎಷ್ಟು ಇಳಿಯಲು ಬಿಡುತ್ತಾರೋ ಅಷ್ಟೂ ಇಳಿದು ನಿಂತಿತ್ತು. ವಿಡಿಯೋ ಬಂದದ್ದು ಮರುದಿನ ಬೆಳಿಗ್ಗೆ. ಬಿದ್ದ ಮನೆಯ ಮುಂದೆ ನಿಂತು ಕೂಗಿದವಳನ್ನೇ ಮನೆ ಕೆಡವಿದವಳು ಎಂದು ಇಡೀ ಸೀಮೆ ಹಿಡಿದುಕೊಂಡಿತ್ತು.

ಮಹಾದೇವ ತಟ್ಟೆಯನ್ನು ದೂರ ಸರಿಸಿದರು. ವಿಡಿಯೋ ಎಂದು ಬಂತು ಎಂಬುದನ್ನು ತಮ್ಮ ಫೋನಿನಲ್ಲೇ ತೆಗೆದು ನೋಡಿಕೊಂಡರು. ಆಮೇಲೆ ದೀಪಾಲಿಗೆ, ಕೂತ್ಕೊ ತಂಗಿ ಎಂದರು. ಅವಳು ಕೂರಲಿಲ್ಲ. ನಾನು ಇದನ್ನೇ ಹೇಳಲು ಈ ಕೋಣೆಗೆ ಬಂದಿದ್ದೆ, ಆಗ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದರು, ಈಗಲೂ ನಿಂತೇ ಇರುತ್ತೇನೆ ಎಂದಳು. ನನಗೆ ಅವಳ ಮೇಲೆ ಪ್ರೀತಿ ಬಂದದ್ದು ಆ ಗಳಿಗೆಯಲ್ಲಿ.

"ಹಂಗಾರ ಮಾರಿದ್ದು ಯಾರು?" ಎಂದರು ಸಾಹುಕಾರರು. ದನಿ ಇಳಿದಿತ್ತು.

ಅಮಾವಾಸ್ಯೆಯ ದಿನ ಬಳಗದವರ ಕಣ್ಣೆಲ್ಲ ಮುಚ್ಚಿರುತ್ತವೆ ಎಂದು ಗೊತ್ತಿದ್ದವರು ಎಂದೆ. ಬೇರೆ ದಿನ ಇಷ್ಟೊಂದು ಮಾಲು ಮಾರಿದರೆ ಕೂಡಲೇ ಫೋನುಗಳು ಹೊಡೆದುಕೊಳ್ಳುತ್ತವೆ, ಎಲ್ಲರೂ ಮಾರಲು ಓಡುತ್ತಾರೆ. ಅವತ್ತು ಯಾರೂ ನೋಡುವುದಿಲ್ಲ. ಬೆಲೆ ಅಷ್ಟು ಇಳಿದಾಗ, ಇದುವರೆಗೆ ಮುಟ್ಟದ ಹೊರಗಿನವರೂ ಅಗ್ಗವೆಂದು ಎತ್ತಿಕೊಳ್ಳುತ್ತಾರೆ, ಕೆಲಸ ಮುಗಿಯುತ್ತದೆ. ಮಾರಿದವನು ನಮ್ಮ ಪೈಕಿಯವನೇ ಎಂದೆ. ಮತ್ತು ಬೆಲೆಯನ್ನು ಹೀಗೆ ಸೀಳಬೇಕಾದರೆ ಅವನ ಕೈಯಲ್ಲಿ ರಾಶಿ ಶೇರು ಇರಬೇಕು. ಈ ಸೀಮೆಯಲ್ಲಿ ಅಷ್ಟು ಇದ್ದದ್ದು ಯಾರ ಬಳಿ?

ಸಾಹುಕಾರರು ತಮ್ಮ ಫೋನು ತೆಗೆದು ಮಹಾದೇವ ಅವರ ಮುಂದೆ ಹಿಡಿದರು. ಅವರ ಶೇರು ಒಂದೂ ಕದಲಿರಲಿಲ್ಲ. ಈ ಮನೆಯಲ್ಲಿ ಬೇರೆ ಯಾರ ಹೆಸರಿನಲ್ಲಿದೆ ಎಂದು ಕೇಳಿದೆ.

"ಅವ್ವನ ಹೆಸರಲೆ ಐತಿ. ಮೊದಲ ತಗೊಂಡಿದ್ದೆಲ್ಲಾ ಆಕಿ ಹೆಸರಲೇನ. ಆದ್ರ ಅದನ್ನ ಯಾರೂ ಮುಟ್ಟಿಲ್ಲ. ಅವ್ವ ಹೋಗಿ ಇನ್ನೂ ವರ್ಷ ತುಂಬಿಲ್ಲ. ವರ್ಷದ ಕಾರ್ಯ ಆಗೂತನಕ ಆಕಿ ಒಂದ ಸೀರಿ ಸುದ್ದಾ ನಾವು ತಗದಿಲ್ಲ."

ಅವರವ್ವ ಶಿವಗಂಗವ್ವನ ಫೋಟೋ ಟಿವಿಯ ಪಕ್ಕದಲ್ಲೇ ಇತ್ತು, ಹಣೆತುಂಬ ವಿಭೂತಿ. ಆ ಖಾತೆಯನ್ನು ಈಗಲೇ ತೆರೆದು ತೋರಿಸು ಎಂದು ಮಹಾದೇವ ಭರತನಿಗೆ ಹೇಳಿದರು. ಭರತ ನೆಟ್‌ವರ್ಕ್ ಇಲ್ಲವೆಂದ. ಆಮೇಲೆ ಅಜ್ಜಿ ತೀರಿಕೊಂಡಿದ್ದರಿಂದ ಖಾತೆ ಬಂದ್ ಆಗಿರಬೇಕೆಂದ. ಆಮೇಲೆ ಅಥಣಿಗೆ ಹೋಗಿ ಕಳಿಸುತ್ತೇನೆಂದ. ಮೂರು ನೆವ ಒಂದರ ಹಿಂದೊಂದು ಬಂದಾಗ ಪೊಲೀಸರು ಕೂಡ ಎದ್ದು ನಿಲ್ಲುತ್ತಾರೆ.

"ತಗೀ," ಎಂದರು ಸಾಹುಕಾರರು.

ತೆಗೆದ. ಶಿವಗಂಗವ್ವನ ಖಾತೆಯಲ್ಲಿ ವರ್ತುಲದ ಒಂದು ಶೇರೂ ಇರಲಿಲ್ಲ.

ಮುರಗೆಪ್ಪ ಫೋಟೋದ ಕಡೆ ನೋಡಿದರು, ಪರದೆಯ ಕಡೆ ನೋಡಿದರು. ಸಿಸ್ಟಮ್ ತಪ್ಪು ತೋರಿಸುತ್ತಿದೆ ಎಂದು ಭರತ ಗೊಣಗಿದ. ಆಗ ದೀಪಾಲಿ ಮಾತಾಡಿದಳು. ಸಿಸ್ಟಮ್ ತಪ್ಪು ಮಾಡುವುದಿಲ್ಲ, ಖಾತೆಯಿಂದ ಶೇರು ಮಾರಬೇಕಾದರೆ ಖಾತೆದಾರರ ಫೋನಿಗೆ ಗುಟ್ಟಿನ ಸಂಖ್ಯೆ ಬರುತ್ತದೆ, ಅದನ್ನು ಒತ್ತದೆ ಒಂದು ಶೇರೂ ಹೊರಗೆ ಹೋಗುವುದಿಲ್ಲ ಎಂದಳು. ಅಂದರೆ ಶಿವಗಂಗವ್ವನ ಫೋನು ಯಾರ ಕೈಯಲ್ಲಿದೆಯೋ ಅವರೇ ಮಾರಿದ್ದು.

ಫೋನು ಎಲ್ಲಿದೆ ಎಂದು ಸಾಹುಕಾರರನ್ನು ಕೇಳಿದೆ.

ಅವರು ಫೋಟೋದ ಕಡೆ ತಿರುಗಿ ಹೇಳಿದರು. ಶಿವಗಂಗವ್ವ ಕೊನೆಕೊನೆಗೆ ಹಾಸಿಗೆ ಹಿಡಿದಾಗ ಆ ಫೋನಿನಲ್ಲೇ ಇಡೀ ದಿನ ವಚನ ಕೇಳುತ್ತಿದ್ದಳಂತೆ, ದಿಂಬಿನ ಪಕ್ಕದಿಂದ ತೆಗೆಯಗೊಡುತ್ತಿರಲಿಲ್ಲವಂತೆ. ಕ್ರಿಯಾಸಮಾಧಿ ಮಾಡುವಾಗ ಮಗನಿಗೆ ಮನಸ್ಸು ತಡೆಯಲಿಲ್ಲ.

"ಆಕಿ ಜೋಡಿ ಮಣ್ಣಾಗ ಇಟ್ಟೇನ್ರಿ. ನನ್ನ ಕೈಯಾರೆ, ಎದಿಮ್ಯಾಲ."

ನನಗೂ ಕನಿಕರವಾಯಿತು, ಸುಳ್ಳೇಕೆ ಹೇಳಲಿ. ಆದರೆ ಕನಿಕರದಿಂದ ಪತ್ತೇದಾರಿ ನಡೆಯುವುದಿಲ್ಲ. ಫೋನು ಮಣ್ಣಿನಲ್ಲಿದ್ದರೂ ಅದೇ ನಂಬರಿಗೆ ಇನ್ನೊಂದು ಸಿಮ್ ತೆಗೆಸಿದವರಿದ್ದರೆ?

ಭರತನ ಕೈಯಲ್ಲಿದ್ದ ಮೊಬೈಲಿಗೆ ಕೈ ಹಾಕಿದೆ. ಅವನು ಬಿಡಲಿಲ್ಲ, ನಾನೂ ಬಿಡಲಿಲ್ಲ. ಮಹಾದೇವ ಒಂದು ಹೆಜ್ಜೆ ಮುಂದೆ ಬಂದ ಮೇಲೆ ಬಿಟ್ಟ. ಸಾಹುಕಾರರು ತಾಯಿಯ ನಂಬರನ್ನು ಬಾಯಿಪಾಠ ಹೇಳಿದರು. ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ಹತ್ತಂಗಿಲ್ರಿ ಅದು," ಎಂದರು ಸಾಹುಕಾರರು.

ಹತ್ತಿತು. ರಿಂಗಾಗುತ್ತಿದ್ದಂತೆ ಮುರಗೆಪ್ಪ ಮೇಜಿನ ಅಂಚು ಹಿಡಿದುಕೊಂಡರು. ಆಚೆ ಕಡೆ ಯಾರೋ ಎತ್ತಿದರು. ಅವರ ಪರದೆಯ ಮೇಲೆ ಕಂಡದ್ದು ಭರತನ ಹೆಸರು ತಾನೆ, ಅನುಮಾನಪಡಲು ಕಾರಣವೇ ಇರಲಿಲ್ಲ.

"ಏನಾತಲೇ ಭರತ್ಯಾ? ಓದಿದಳೇನ ಆಕಿ?"

ಬೆಳಿಗ್ಗೆ ನನಗೆ ಚಹಾ ಕೊಟ್ಟವನ ದನಿ ಅದು, ನಿಪ್ಪಾಣಿಯ ಮೊಬೈಲ್ ಅಂಗಡಿಯವನದು. ರೋಹನ.

ಭರತ ಫೋನಿನ ಮೇಲೆ ಹಾರಿದ. ಮಹಾದೇವ ಅವನ ಮಣಿಕಟ್ಟು ಹಿಡಿದು ಗೋಡೆಗೆ ಒತ್ತಿದರು. ನಾನು ದೀಪಾಲಿಯ ಕಡೆ ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಅಳುತ್ತಾಳೆ, ಬೀಳುತ್ತಾಳೆ ಎಂದುಕೊಂಡು ಕೈ ಚಾಚಿದೆ. ಅವಳು ನನ್ನ ಕೈ ಸರಿಸಿ ಮೇಜಿನ ಹತ್ತಿರ ಬಂದಳು. ನಮ್ಮ ಕಡೆ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ, ಅವಳೂ ಬೆಳಿಗ್ಗೆಯವರೆಗೆ ಕರೆದವಳಲ್ಲ.

"ಓದಿಲ್ಲ, ರೋಹನ," ಎಂದಳು. "ಸತ್ತವರ ಶೇರು ಮಾರಿ ನನ್ನ ಬಾಯಿಂದ ತಪ್ಪೊಪ್ಪಿಸಾಕ ನಿಂತಿದ್ದೇನು? ನಾ ಓದಂಗಿಲ್ಲ. ನೀ ಎಲ್ಲಿದ್ದೀ, ಅಷ್ಟ ಹೇಳು."

ಆಚೆ ಕಡೆ ಹೆದ್ದಾರಿಯ ಸದ್ದು. ಲಾರಿಯೊಂದು ಹಾದುಹೋಯಿತು. ಫೋನು ಇಟ್ಟುಬಿಟ್ಟ ಎಂದುಕೊಂಡೆ. ಇಟ್ಟಿರಲಿಲ್ಲ.

"ಅಲ್ಲಿ ಪೊಲೀಸರು ಅದಾರಲ್ಲ," ಎಂದ ರೋಹನ. ದನಿಯಲ್ಲಿ ಗಾಬರಿಯಿರಲಿಲ್ಲ. "ಭಾಳ ಛಲೋ ಆತು. ಆ ಶೇರು ಮಾರಿದ ರೊಕ್ಕ ಯಾರ ಖಾತೇದಾಗ ಕುಂತೈತಿ, ಅವರಿಗೆ ತಗದ ತೋರಸು ದೀಪಾ. ಮದುವ್ಯಾದ ಹೊಸದಾಗ ನಿನ್ನ ಹೆಸರಲೆ ಒಂದ ಖಾತೆ ತಗಸಿದ್ನೆಲ್ಲ, ಅದನ್ನ ತೋರಸು."

ಲೈನು ಕಟ್ಟಾಯಿತು.

ಯಾರೂ ಅವಳನ್ನು ಕೇಳಲಿಲ್ಲ. ಕೇಳುವ ಮೊದಲೇ ದೀಪಾಲಿ ತನ್ನ ಫೋನು ತೆಗೆದು, ನಿಧಾನವಾಗಿ ಬ್ಯಾಂಕಿನ ಆ್ಯಪ್ ತೆರೆದು, ತಾನು ನೋಡದೆ ನೇರವಾಗಿ ಪಿಎಸ್‌ಐ ಮುಂದೆ ಹಿಡಿದಳು. ನನ್ನಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ನೀವೇ ಓದಿ ಎಂದಳು. ಗದ್ದ ಮೇಲೆತ್ತಿ ನಿಂತಿದ್ದಳು.

ಮಹಾದೇವ ಬಗ್ಗಿ, ಖಾತೆಗೆ ಬಂದು ಬಿದ್ದಿದ್ದ ಮೊತ್ತ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಭರತನ ಮಣಿಕಟ್ಟನ್ನು ಬಿಟ್ಟು, ದೀಪಾಲಿಯ ಕಡೆ ಬಂದರು.